ಮಾರ್ಚ್ 31ರೊಳಗೆ

2025ರ ಮಾರ್ಚ್ 7, ಶುಕ್ರವಾರ. ಬೆಳಗ್ಗೆ ಹತ್ತೂವರೆ ದಾಟಿದೆ. ಚಾಮರಾಜಪೇಟೆಯ ಎರಡು ಮೇನ್ ರೋಡುಗಳ ನಡುವೆ, ಆಚೆ ಸಾಲಿನ ಹಿತ್ತಿಲೂ ಈಚೆ ಸಾಲಿನ ಹಿತ್ತಿಲೂ ಮುಖಾಮುಖಿಯಾಗುವ ಕಿರುಗಲ್ಲಿಯಲ್ಲಿ ನೀವು ನಿಂತಿದ್ದೀರಿ. ಒಂದು ಕೈಗಾಡಿ ಹೋಗುವಷ್ಟು ಅಗಲ. ಕಾಲ ಕೆಳಗೆ ಒಡೆದ ಕಮೋಡು, ಎರಡು ಸ್ಕೂಟರ್ ಟೈರು, ಯಾರದೋ ಮನೆ ರಿಪೇರಿಯಲ್ಲಿ ಉಳಿದ ಟೈಲ್ಸ್ ಚೂರು. ತಲೆಯ ಮೇಲೆ ಏಸಿಯ ಪೈಪಿನಿಂದ ತೊಟ್ಟಿಕ್ಕುವ ನೀರು. ಆ ನೀರು ಬಂದು ಬೀಳುವುದು ಸರಿಯಾಗಿ ಟೈರಿನ ಒಳಕ್ಕೇ.

ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಗ್ಗುತ್ತಾಳೆ. ಮೊಬೈಲಿನ ಟಾರ್ಚ್ ಹಾಕಿ, "ನೋಡಿ ಬನ್ನಿ" ಎನ್ನುತ್ತಾಳೆ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಕಾಣುತ್ತದೆ: ದಾರದ ತುಂಡಿನಂಥವು, ತಲೆ ಕೆಳಗೆ ಮಾಡಿ ನೀರಿನ ಮೇಲ್ಪದರಕ್ಕೆ ನೇತುಬಿದ್ದಿವೆ. ಬೆಳಕು ಬಿದ್ದದ್ದೇ ತಡ, ಕುಣಿಯುತ್ತ ತಳಕ್ಕೆ ಇಳಿಯುತ್ತವೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮರಿಗಳು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಇವಕ್ಕೆ ಬೇಕಾದ್ದು ಒಂದು ವಾರ, ಹೆಚ್ಚೆಂದರೆ ಹತ್ತು ದಿನ. ವಾರಕ್ಕೊಂದು ದಿನ ಈ ಸುತ್ತು ಹಾಕುವುದರ ಲೆಕ್ಕ ಅದೇ. ಹೋದ ಶುಕ್ರವಾರ ಕಣ್ಣಿಗೆ ಬೀಳದೆ ಉಳಿದ ಮೊಟ್ಟೆ ಈ ಶುಕ್ರವಾರ ತಪ್ಪಿಸಿಕೊಂಡರೆ, ಮುಂದಿನ ಶುಕ್ರವಾರಕ್ಕೆ ಯಾರದೋ ಕಾಲು ಕಚ್ಚುತ್ತಿರುತ್ತದೆ. ಅದೂ ಹಾಡಹಗಲಲ್ಲಿ.

ಆಕೆ ಟೈರನ್ನು ಓರೆ ಮಾಡಿ ನೀರು ಚೆಲ್ಲುತ್ತಾಳೆ. ಚೆಲ್ಲಿದರಷ್ಟೇ ಸಾಲದು. ಮೊಟ್ಟೆ ಒಳಗೋಡೆಗೆ ಅಂಟಿಕೊಂಡು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಟೈರು ಇಲ್ಲಿಂದ ಹೋಗಬೇಕು. ಯಾರು ಒಯ್ಯಬೇಕು? ಈ ಮನೆಯವರು ಆ ಮನೆಯವರದೆನ್ನುತ್ತಾರೆ, ಆ ಮನೆಯವರು ಈ ಮನೆಯವರದೆನ್ನುತ್ತಾರೆ. ಕಸದ ಗಾಡಿಯವರು ಗಲ್ಲಿಯೊಳಗೆ ಬರುವುದಿಲ್ಲ.

ಪಕ್ಕದ ಮನೆಯ ಅಡುಗೆಮನೆ ಕಿಟಕಿಯಿಂದ ಒಗ್ಗರಣೆಯ ಘಾಟಿನ ಜೊತೆಗೆ ಟಿವಿಯ ಸದ್ದು. ವಿಧಾನಸೌಧದಲ್ಲಿ ಸಿದ್ದರಾಮಯ್ಯನವರು ತಮ್ಮ ಹದಿನಾರನೇ ಬಜೆಟ್ ಓದುತ್ತಿದ್ದಾರೆ. ಒಟ್ಟು ಗಾತ್ರ 4,09,549 ಕೋಟಿ ರೂಪಾಯಿ. ಆಶಾ ಕಾರ್ಯಕರ್ತೆ ಒಂದು ಗಳಿಗೆ ಕಿವಿಗೊಡುತ್ತಾಳೆ. ಆಕೆಗೆ ಕೇಳಬೇಕಾದ್ದು ಒಂದೇ ಸಾಲು. ಜನವರಿಯ 7ರಿಂದ 10ರವರೆಗೆ ಫ್ರೀಡಂ ಪಾರ್ಕಿನಲ್ಲಿ ರಾಜ್ಯದ ಮೂಲೆಮೂಲೆಯ ಆಶಾಗಳು ಚಳಿಯಲ್ಲಿ ಮಲಗಿ ಹೋರಾಡಿದ ಮೇಲೆ, ಎಲ್ಲ ಸೇರಿ ತಿಂಗಳಿಗೆ ಕನಿಷ್ಠ 10,000 ಎಂಬ ಭರವಸೆ ಸಿಕ್ಕಿತ್ತು. ಏಪ್ರಿಲ್‌ನಿಂದ ಅಂತ. "ಇನ್ನೂ ನಮ್ ಸಾಲು ಬಂದಿಲ್ಲ" ಎಂದು ಮುಂದಕ್ಕೆ ನಡೆಯುತ್ತಾಳೆ. ನೀವೂ ಹಿಂದೆ.

ಈ ಗಲ್ಲಿಯನ್ನು ಸುಮ್ಮನೆ ದಾಟಿಬಿಡಬೇಡಿ. ಕಾಲಿಟ್ಟ ನೆಲವೇ ಒಂದು ಕಾಲದ ಆರೋಗ್ಯ ಅನುದಾನ. ಚಾಮರಾಜಪೇಟೆ ಹುಟ್ಟಿದ್ದು 1892ರಲ್ಲಿ, ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ. ಹಳೇ ಪೇಟೆಯ ಇಕ್ಕಟ್ಟಿನಿಂದ ಆಚೆಗೆ ನೇರ ರಸ್ತೆ, ಅಡ್ಡರಸ್ತೆ, ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿ. ಮಲ್ಲೇಶ್ವರದಲ್ಲೂ ಬಸವನಗುಡಿಯಲ್ಲೂ ಇಂಥವೇ ಗಲ್ಲಿಗಳಿವೆ. ಮಲ ಹೊರುವವರು ಹಿಂದಿನಿಂದ ಬಂದು ಹಿಂದಿನಿಂದಲೇ ಹೋಗಲಿ, ಮುಂಬಾಗಿಲಿಗೆ ಮುಖ ತೋರಿಸದಿರಲಿ ಎಂಬುದು ವ್ಯವಸ್ಥೆ. ಶುಚಿತ್ವದ ನಕ್ಷೆಯಲ್ಲೇ ಜಾತಿಯ ಗೆರೆಯೂ ಸೇರಿಕೊಂಡಿತ್ತು. ಹಾಗಾಗಿ ಆ ಕಾಲವನ್ನು ಹೊಗಳುವಾಗ ನಾಲಿಗೆ ಸ್ವಲ್ಪ ಬಿಗಿಹಿಡಿಯಬೇಕು.

1898ರ ಆಗಸ್ಟ್. ರೈಲಿನಲ್ಲಿ ಪ್ಲೇಗು ಬಂದಿಳಿಯಿತು. ಊರಿನಲ್ಲಿ ಇಲಿ ಬಿದ್ದವು, ಆಮೇಲೆ ಮನುಷ್ಯರು. ಶೇಷಾದ್ರಿ ಅಯ್ಯರ್ ದಿವಾನರು. ಪ್ಲೇಗ್ ಕಮಿಷನರ್ ಆಗಿ ನೇಮಕವಾದವರು ವಿ.ಪಿ. ಮಾಧವರಾವ್. ರೋಗದವರಿಗೊಂದು ಕ್ಯಾಂಪು, ಅವರ ಮನೆಯವರಿಗೊಂದು ಕ್ಯಾಂಪು, ಸೂರಿನ ಹೆಂಚು ಕಿತ್ತು ಬಿಸಿಲು ಬಿಡುವ ಕೆಲಸ, ಸುಣ್ಣ, ಪ್ಲೇಗು ತಡೆಯಲು ಹಾಫ್ಕಿನ್‌ರ ಸೂಜಿಮದ್ದು. ಬೆಂಗಳೂರಿಗೆ ಟೆಲಿಫೋನ್ ತಂತಿ ಎಳೆದದ್ದೂ ಆ ಹೊತ್ತಿನಲ್ಲೇ, ಪ್ಲೇಗಿನ ಕೆಲಸಕ್ಕೆಂದು. ಜನ ಕ್ಯಾಂಪಿಗೆ ಹೆದರಿ ಹೆಣ ಬಚ್ಚಿಟ್ಟರು, ಊರು ಬಿಟ್ಟರು. ಸರ್ಕಾರದ ಮದ್ದನ್ನು ನಂಬದವರು ಚಂದಾ ಎತ್ತಿ ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಅದೂ ಒಂದು ಆರೋಗ್ಯ ಕಾರ್ಯಕ್ರಮವೇ. ಅನುದಾನ ಮಾತ್ರ ಅವರ ಜೇಬಿನದು, ಮತ್ತು ಅದಕ್ಕೆ ಲೆಕ್ಕ ಕೇಳುವವಳು ಅಮ್ಮನೊಬ್ಬಳೇ.

ಪ್ಲೇಗಿನ ಭಯವೇ ಮಲ್ಲೇಶ್ವರ, ಬಸವನಗುಡಿಗಳನ್ನು ತುಂಬಿಸಿತು. ನಕ್ಷೆ ಮೊದಲೇ ಇತ್ತು, ಜನ ಬರಲು ಹಿಂಜರಿಯುತ್ತಿದ್ದರು. ಸಾವು ಬಂದು ಅವರನ್ನು ನೂಕಿತು. ಸೈಟು ಸಿಕ್ಕಿದ್ದು ಕೊಳ್ಳುವ ಶಕ್ತಿ ಇದ್ದವರಿಗೆ, ಬಹಳ ಮಟ್ಟಿಗೆ ಜಾತಿ ನೋಡಿ ಹಂಚಿದ ಬೀದಿಗಳಲ್ಲಿ. ಇಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿರುವ ವಿಕ್ಟೋರಿಯಾ ಆಸ್ಪತ್ರೆಗೆ ಅಡಿಗಲ್ಲು ಬಿದ್ದದ್ದು 1897ರಲ್ಲಿ, ರಾಜಮಾತೆ ವಾಣಿವಿಲಾಸ ಸನ್ನಿಧಾನದವರ ಕೈಯಿಂದ. 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ಬಂದು ಬಾಗಿಲು ತೆಗೆದ. ಆ ಕಾಲದ ದುಡ್ಡು ಕಲ್ಲಾಗಿ, ರಸ್ತೆಯಾಗಿ, ಮೋರಿಯಾಗಿ ನೆಲದಲ್ಲಿ ಕೂತುಬಿಟ್ಟಿದೆ. ಯಾವ ಮಾರ್ಚ್ ತಿಂಗಳೂ ಅದನ್ನು ವಾಪಸ್ ಕೇಳಿಲ್ಲ.

ಹನ್ನೊಂದೂವರೆ. ಮೇನ್ ರೋಡು ದಾಟಿ ಆನಂದಪುರದ ಕಡೆಗೆ ಬಂದಿದ್ದೀರಿ. ರಂಜಾನ್ ಉಪವಾಸದ ಮೊದಲ ಶುಕ್ರವಾರ. ಬೀದಿಯ ಚಹಾದಂಗಡಿಯ ಪರದೆ ಇಳಿಬಿಟ್ಟಿದೆ. ಇಲ್ಲಿ ಮನೆಗೆ ಹಿತ್ತಿಲಿಲ್ಲ. ಒಂದೇ ಕೋಣೆ, ಬಾಗಿಲಾಚೆ ಮೆಟ್ಟಿಲು, ಮೆಟ್ಟಿಲ ಪಕ್ಕ ನೀಲಿ ಡ್ರಮ್ಮು. ನೀರು ದಿನಾ ಬರುವುದಿಲ್ಲ, ಬಂದಾಗ ಹಿಡಿದಿಟ್ಟುಕೊಳ್ಳದೆ ಗತ್ಯಂತರವಿಲ್ಲ. ಮಾರ್ಚಿನ ಬಿಸಿಲಿನಲ್ಲಿ ಮಳೆಯೇ ಇಲ್ಲದೆ ಡೆಂಗಿ ಸೊಳ್ಳೆ ಹುಟ್ಟುವ ಗುಟ್ಟು ಈ ಡ್ರಮ್ಮಿನಲ್ಲಿದೆ.

ಆಶಾ ಕಾರ್ಯಕರ್ತೆ ಬಾಗಿಲ ಚೌಕಟ್ಟು ತಟ್ಟುತ್ತಾಳೆ. ಒಳಗಿನಿಂದ ಮಗು ಎತ್ತಿಕೊಂಡ ಹೆಂಗಸು.

"ಆಪಾ, ನೀರು ಚೆಲ್ಲು ಅಂತ ಮಾತ್ರ ಹೇಳ್ಬೇಡಿ. ನೆನ್ನೆ ಹಿಡಿದಿರೋದು."

"ಚೆಲ್ಲು ಅನ್ನಲ್ಲಮ್ಮಾ. ಮುಚ್ಚಿಡು ಅಂತೀನಿ."

"ಮುಚ್ಚಳ ಎಲ್ಲಿದೆ? ಇದು ಗುಜರಿ ಡ್ರಮ್ಮು."

ಡ್ರಮ್ಮಿನ ಮೇಲೆ ಅಕ್ಕಿ ಚೀಲ ಹೊದಿಸಿದೆ, ನಡುವೆ ಕುಸಿದು ನೀರಿಗೆ ತಾಗಿದೆ. ಚೀಲ ಎತ್ತಿದರೆ ಮರಿಗಳು. ಆಶಾ ಕಾರ್ಯಕರ್ತೆ ಮರಿ ಕೊಲ್ಲುವ ಟೆಮೆಫಾಸ್ ಬಾಟಲಿ ತೆಗೆದು ಅಳೆದು ಹಾಕುತ್ತಾಳೆ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆಯುತ್ತಾಳೆ, ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಾಳೆ, ಆ್ಯಪ್‌ನಲ್ಲಿ 'ಲಾರ್ವಾ ಇದೆ' ಎಂಬಲ್ಲಿ ಒತ್ತುತ್ತಾಳೆ. ಆ್ಯಪ್ ಸುತ್ತುತ್ತ ಸುತ್ತುತ್ತ ನಿಲ್ಲುತ್ತದೆ. ಸಿಗ್ನಲ್ ಹುಡುಕಿ ಆಕೆ ಮೆಟ್ಟಿಲು ಹತ್ತುತ್ತಾಳೆ.

ಅಷ್ಟರಲ್ಲಿ ನೀವು ನಿಮ್ಮೊಳಗೇ ಒಂದು ಲೆಕ್ಕ ಹಾಕಿ. ಡ್ರಮ್ಮಿಗೆ ಹಾಕಿದ ಔಷಧಿಗೆ ದುಡ್ಡಿದೆ. ಕೀಟಜನ್ಯ ರೋಗ ನಿಯಂತ್ರಣದ ಬಾಬ್ತಿನಲ್ಲಿ ಬರುತ್ತದೆ. 'ನೀರು ಮುಚ್ಚಿಡಿ' ಎಂದು ಗೋಡೆಗೆ ಅಂಟಿಸುವ ಪೋಸ್ಟರಿಗೆ ದುಡ್ಡಿದೆ. ಅದು ಐಇಸಿ, ಅಂದರೆ ಪ್ರಚಾರದ ಬಾಬ್ತು. ಜ್ವರ ಬಂದರೆ ರಕ್ತಪರೀಕ್ಷೆಗೂ ಇದೆ. 2024ರ ಜುಲೈನಲ್ಲಿ ಡೆಂಗಿ ಉಕ್ಕಿದಾಗ ಖಾಸಗಿ ಲ್ಯಾಬುಗಳಿಗೂ ಸರ್ಕಾರ ಕಡಿವಾಣ ಹಾಕಿತು: ಎನ್ಎಸ್1 ಪರೀಕ್ಷೆಗೆ 300, ಐಜಿಎಂ ಪರೀಕ್ಷೆಗೆ 300 ರೂಪಾಯಿ ಮೀರುವಂತಿಲ್ಲ ಅಂತ. ಮುಚ್ಚದೆ ಮರಿ ಬೆಳೆಸಿದವರಿಗೆ ದಂಡದ ನಿಯಮವೂ ಆ ವರ್ಷದ ಸೆಪ್ಟೆಂಬರಿನಲ್ಲಿ ಬಂತು: ನಗರದ ಮನೆಗೆ 400, ಅಂಗಡಿ ಹೋಟೆಲಿಗೆ 1,000, ಕಟ್ಟಡ ಕಟ್ಟುವ ಜಾಗಕ್ಕೆ 2,000. ಔಷಧಿ, ಪೋಸ್ಟರು, ಪರೀಕ್ಷೆ, ದಂಡ ಎಲ್ಲಕ್ಕೂ ಒಂದೊಂದು ಮನೆ ಸಿಕ್ಕಿದೆ. ಮುಚ್ಚಳಕ್ಕೆ ಮಾತ್ರ ಯಾವ ಬಾಬ್ತಿನಲ್ಲೂ ಜಾಗವಿಲ್ಲ.

ಆಕೆ ಕೆಳಗಿಳಿದು ಬರುತ್ತಾಳೆ. "ಹೋಯ್ತು" ಎನ್ನುತ್ತಾಳೆ. ಫೋಟೋ ಹೋಯ್ತು ಅಂತ. ಈ ಫೋಟೋ, ಈ ಎಂಟ್ರಿ ಮೇಲೇ ಆಕೆಯ ಸಂಪಾದನೆ ನಿಂತಿದೆ. ರಾಜ್ಯ ಕೊಡುವ ಗೌರವಧನ ತಿಂಗಳಿಗೆ 5,000. ಮಿಕ್ಕದ್ದು ಕೇಂದ್ರದ ಪ್ರೋತ್ಸಾಹಧನ, ಕೆಲಸಕ್ಕಿಷ್ಟು ಎಂದು ಎಣಿಸಿ ಕೊಡುವಂಥದು: ಮಗುವಿಗೆ ವರ್ಷದೊಳಗಿನ ಲಸಿಕೆಯೆಲ್ಲ ಮುಗಿಸಿದರೆ 100, ಎರಡನೇ ವರ್ಷದ್ದು ಮುಗಿಸಿದರೆ 75. ತಾಯಿ ಮಕ್ಕಳ ಆರೋಗ್ಯದ ಲೆಕ್ಕವಿಡುವ ಆರ್‌ಸಿಎಚ್ ಪೋರ್ಟಲಿನಲ್ಲಿ ಆ ಮಗು ಕಾಣಿಸದಿದ್ದರೆ ಲಸಿಕೆ ಹಾಕಿಸಿದ್ದೂ ಕಾಣಿಸುವುದಿಲ್ಲ, ದುಡ್ಡೂ ಕಾಣಿಸುವುದಿಲ್ಲ. ಜನವರಿಯ ಹೋರಾಟದಲ್ಲಿ ಸಂಬಳದಷ್ಟೇ ಜೋರಾಗಿ ಕೇಳಿಸಿದ್ದು ಈ ಪೋರ್ಟಲಿನ ಗೋಳು.

ಮಧ್ಯಾಹ್ನ ಜುಮ್ಮಾ ನಮಾಜಿಗೆ ಬೀದಿ ಖಾಲಿಯಾಗುತ್ತದೆ. ಆಕೆ ಯುಪಿಎಚ್‌ಸಿಗೆ, ಅಂದರೆ ನಗರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೊರಡುತ್ತಾಳೆ. ಜನರ ಬಾಯಲ್ಲಿ ಇನ್ನೂ ಕಾರ್ಪೊರೇಷನ್ ಆಸ್ಪತ್ರೆ. ದಾರಿಯಲ್ಲಿ 'ನಮ್ಮ ಕ್ಲಿನಿಕ್' ಎಂಬ ಬೋರ್ಡು. 2022ರ ಡಿಸೆಂಬರಿನಲ್ಲಿ ರಾಜ್ಯದಲ್ಲಿ ಶುರುವಾದ ಈ ಕ್ಲಿನಿಕ್ಕುಗಳಿಗೆ ಆಧಾರ 15ನೇ ಹಣಕಾಸು ಆಯೋಗದ ಆರೋಗ್ಯ ಅನುದಾನ. ಇಡೀ ದೇಶಕ್ಕೆ 70,051 ಕೋಟಿ, 2021ರಿಂದ 2026ರವರೆಗೆ. ಒಳಗೆ ಡಾಕ್ಟರು, ನರ್ಸು, ಲ್ಯಾಬಿನವರು ಇದ್ದಾರೆ. ಬಿಪಿ ಮಾತ್ರೆಗೆ ಕಾದು ಕೂತ ಮುದುಕರಿದ್ದಾರೆ. ಬಿಪಿ ಐದು ವರ್ಷಕ್ಕೆ ಮುಗಿಯುವ ಕಾಯಿಲೆಯಲ್ಲ. ಅನುದಾನಕ್ಕೆ ಅದು ಗೊತ್ತಿಲ್ಲ.

ಯುಪಿಎಚ್‌ಸಿಯ ಸಿಸ್ಟರ್ ಮೇಜಿನ ತುಂಬ ವೋಚರು ಹರಡಿಕೊಂಡು ಕೂತಿದ್ದಾರೆ. ಮಾರ್ಚ್ ಎಂಡು. ಒಂದು ಕೈಯಲ್ಲಿ ಊಟದ ಡಬ್ಬಿಯ ಚಿತ್ರಾನ್ನ, ಇನ್ನೊಂದರಲ್ಲಿ ಗಮ್ಮು. ನೀವು ಕೇಳುವ ಮುಂಚೆಯೇ ದುಡ್ಡು ಬರುವ ದಾರಿ ಹೇಳಿಬಿಡುತ್ತಾರೆ, ಬಾಯಿಪಾಠ. ಬಜೆಟ್ ಪುಸ್ತಕದಲ್ಲಿ ಆರೋಗ್ಯ ಇಲಾಖೆಯದು 22ನೇ ಬೇಡಿಕೆ. ಅದರಡಿ 2210 ಎಂಬ ಲೆಕ್ಕ ಶೀರ್ಷಿಕೆ. ರಾಷ್ಟ್ರೀಯ ಆರೋಗ್ಯ ಅಭಿಯಾನಕ್ಕೆ ದೆಹಲಿಯದು 60 ಪಾಲು, ಬೆಂಗಳೂರಿನದು 40. ಎರಡೂ ಸೇರಿ ಮಾಗಡಿ ರಸ್ತೆಯ ಆರೋಗ್ಯ ಸೌಧದಿಂದ ಕೆಳಗಿಳಿಯಬೇಕು.

"ಮುಂಚೆ ದುಡ್ಡೇ ನಮ್ ಅಕೌಂಟಿಗೆ ಬೀಳ್ತಿತ್ತು. ಈಗ ದುಡ್ಡು ಬರಲ್ಲ, ಲಿಮಿಟ್ ಬರುತ್ತೆ. 31ಕ್ಕೆ ಖರ್ಚಾಗ್ಲಿಲ್ಲ ಅಂದ್ರೆ ಲಿಮಿಟ್ ಸೊನ್ನೆ."

2021ರ ಜುಲೈನಿಂದ ಬಂದ ಪದ್ಧತಿ ಅದು. ಒಂದು ಯೋಜನೆಗೆ ರಾಜ್ಯದಲ್ಲಿ ಒಂದೇ ಮೂಲ ಖಾತೆ, ಕೆಳಗಿನವರದೆಲ್ಲ ಶೂನ್ಯ ಶಿಲ್ಕಿನ ಖಾತೆ. ಕೇಂದ್ರ ಯೋಜನೆಗಳ ಹಣ ಸಾವಿರಾರು ಸಣ್ಣ ಖಾತೆಗಳಲ್ಲಿ ಕೊಳೆಯುತ್ತಿತ್ತು, ಅದನ್ನು ತಪ್ಪಿಸಬೇಕಿತ್ತು ಎಂಬ ವಾದದಲ್ಲಿ ಹುರುಳಿದೆ. ಆದರೆ ಖಾತೆಯಲ್ಲಿ ನಾಲ್ಕು ಕಾಸು ಉಳಿಸಿಟ್ಟುಕೊಂಡು ಜೂನಿನ ಮಳೆಗೆ ಕಾಯುತ್ತಿದ್ದ ಜಾಣ ಸಿಸ್ಟರ್ ಕೂಡ ಅದೇ ಪೊರಕೆಗೆ ಸಿಕ್ಕಿ ಗುಡಿಸಿಹೋದರು. ಡೆಂಗಿಗೆ ದುಡ್ಡು ಬೇಕಾಗುವುದು ಮುಂಗಾರಿಗೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ. ಹೊಸ ವರ್ಷದ ಲೆಕ್ಕ ಕಣ್ಣು ಬಿಡುವ ಹೊತ್ತಿಗೆ ಮೊದಲ ಜ್ವರದ ಹುಡುಗ ಬೆಂಚಿನ ಮೇಲೆ ಕೂತಿರುತ್ತಾನೆ.

ಮೂರು ಗಂಟೆಗೆ ಅಂಗನವಾಡಿಯ ಕೋಣೆಯಲ್ಲಿ ಮಹಿಳಾ ಆರೋಗ್ಯ ಸಮಿತಿಯ ಸಭೆ, ಸಿಸ್ಟರೂ ಬಂದಿದ್ದಾರೆ. 2013ರಲ್ಲಿ ನಗರ ಆರೋಗ್ಯ ಅಭಿಯಾನ ಬಂದಾಗ ಹುಟ್ಟಿದ ಸಮಿತಿಗಳಿವು. ಐವತ್ತರಿಂದ ನೂರು ಮನೆಗೆ ಒಂದು, ಅದೇ ಬೀದಿಯ ಹತ್ತು ಹನ್ನೆರಡು ಹೆಂಗಸರು. ಚಾಪೆ ಹಾಸಿದೆ, ಗೋಡೆಯ ಮೇಲೆ ಅ-ಅರಸ ಆ-ಆನೆ. ಸಮಿತಿಗೆ ವರ್ಷಕ್ಕೆ ಬರುವ ಅನ್‌ಟೈಡ್ ಫಂಡು 5,000 ರೂಪಾಯಿ. ಅಧ್ಯಕ್ಷೆಯದೂ ಕಾರ್ಯದರ್ಶಿಯಾದ ಆಶಾಳದೂ ಜೋಡಿ ಸಹಿ. ಮನೆಗೆ ವರ್ಷಕ್ಕೆ ಐವತ್ತು ನೂರು ರೂಪಾಯಿಯ ಬಾಬ್ತು. ಆದರೆ ಇಡೀ 2210ರ ಹೆಮ್ಮರದಲ್ಲಿ 'ಏನಕ್ಕೆ ಖರ್ಚು ಮಾಡ್ಬೇಕು ನೀವೇ ಹೇಳಿ' ಎಂದು ಈ ಬೀದಿಯನ್ನು ಕೇಳುವ ಕೊಂಬೆ ಇದೊಂದೇ. ಮುಚ್ಚಳಕ್ಕೆ ಜಾಗ ಸಿಕ್ಕರೆ ಇಲ್ಲೇ ಸಿಗಬೇಕು.

ಒಬ್ಬಾಕೆ ಮೊಬೈಲು ನೋಡುತ್ತ ಓದುತ್ತಾಳೆ: "ಆರೋಗ್ಯಕ್ಕೆ 17,473 ಕೋಟಿ ಅಂತೆ."

"ಅದ್ರಲ್ಲಿ ನಮ್ ಬೀದೀದೆಷ್ಟು?" ಮೂಲೆಯ ಅಜ್ಜಿ.

ರಾಜ್ಯದ ಜನಸಂಖ್ಯೆಗೆ ಹಂಚಿದರೆ ತಲೆಗೆ ಸುಮಾರು ಎರಡೂವರೆ ಸಾವಿರ ಎಂದು ನೀವು ಮನಸ್ಸಿನಲ್ಲೇ ಗುಣಿಸುತ್ತೀರಿ. ಬಾಯಿ ಬಿಡುವುದಿಲ್ಲ. ಬಿಟ್ಟರೆ ಅಜ್ಜಿ ಕೈ ಚಾಚಿಯಾಳು. ವಿಕ್ಟೋರಿಯಾದ ಹಾಸಿಗೆ, ವಾಣಿವಿಲಾಸದ ಹೆರಿಗೆ, ಡಾಕ್ಟರ ಸಂಬಳ ಎಲ್ಲ ಅದರಲ್ಲೇ ಸೇರಿದೆ ಎಂಬುದು ನಿಜ. ಈ ಮನೆಗಳ ಹೆಂಗಸರು ಹೆತ್ತದ್ದು ವಾಣಿವಿಲಾಸದಲ್ಲೇ ಎಂಬುದೂ ನಿಜ.

ಸಭೆಗೆ ಕೆಲಸವಿದೆ. ಹೋದ ಸಲದ ದುಡ್ಡಿನಲ್ಲಿ ಬರೆಸಿದ ಬೋರ್ಡು ಎರಡೇ ಮಳೆಗೆ ಅಳಿಸಿಹೋಯಿತು ಎಂದು ಒಬ್ಬರು ನೆನಪಿಸುತ್ತಾರೆ. ಟಿಬಿ ಔಷಧಿ ತಗೊಳ್ಳುತ್ತಿರುವ ಹುಡುಗನನ್ನು ಎಕ್ಸ್‌ರೇಗೆ ಆಟೋದಲ್ಲಿ ಕರೆದೊಯ್ದ ಬಾಡಿಗೆ ಬಾಕಿ ಇದೆ. ಅವನ ಊಟಕ್ಕೆಂದು ಕೇಂದ್ರ ಕೊಡುವ ನಿಕ್ಷಯ್ ದುಡ್ಡು 2024ರ ನವೆಂಬರಿನಿಂದ ತಿಂಗಳಿಗೆ 500 ಇದ್ದದ್ದು 1,000 ಆಗಿದೆ, ಸರಿ. ಆಟೋದವನಿಗೆ ಅದರಲ್ಲಿ ಕೊಟ್ಟರೆ ಮೊಟ್ಟೆ ಎಲ್ಲಿಂದ? ಬಾಡಿಗೆ ಪಾಸಾಗುತ್ತದೆ.

ಆಮೇಲೆ ಡ್ರಮ್ಮು. ಪ್ಲಾಸ್ಟಿಕ್ ಮುಚ್ಚಳ ತಂದರೆ ಒಂದೊಂದು ಡ್ರಮ್ಮು ಒಂದೊಂದು ಸೈಜು. ಅಂಗನವಾಡಿ ಟೀಚರ್ ಒಂದು ಉಪಾಯ ಹೇಳುತ್ತಾರೆ: ಸೊಳ್ಳೆಪರದೆ ಬಟ್ಟೆ ತಂದು ದುಂಡಗೆ ಕತ್ತರಿಸಿ ಅಂಚಿಗೆ ಎಲಾಸ್ಟಿಕ್ ಹೊಲಿದರೆ ಯಾವ ಬಾಯಿಗಾದರೂ ಕೂರುತ್ತದೆ. ನೀರು ಹಿಡಿಯುವಾಗ ಪೈಪು ತೂರಿಸಲೂ ಬಹುದು. ಎಲ್ಲರ ಕಣ್ಣೂ ಹೊಲಿಗೆ ಮೆಷಿನ್ ಇರುವ ಒಬ್ಬಾಕೆಯ ಕಡೆ ತಿರುಗುತ್ತದೆ.

ಆಕೆ ತಲೆ ಅಲ್ಲಾಡಿಸುತ್ತಾಳೆ. "ಈದ್ ಬಟ್ಟೆ ರಾಶಿ ಬಿದ್ದಿದೆ ಅಕ್ಕಾ. ಈದ್ ಆದ್ಮೇಲೆ ಎಷ್ಟ್ ಬೇಕಾದ್ರೂ ಹೊಲಿತೀನಿ."

"ಈದ್ ಯಾವತ್ತು?"

"ಚಾಂದ್ ಕಂಡ್ರೆ 31. ಇಲ್ದಿದ್ರೆ ಒಂದನೇ ತಾರೀಖು."

ಸಿಸ್ಟರ್ ಹಣೆ ಚಚ್ಚಿಕೊಳ್ಳುತ್ತಾರೆ. ಒಂದನೇ ತಾರೀಖಿಗೆ ದುಡ್ಡಿರುವುದಿಲ್ಲ. ವೋಚರಿನಲ್ಲಿ ಮಾರ್ಚ್ ತಾರೀಖು ಹಾಕಿ ಏಪ್ರಿಲ್‌ನಲ್ಲಿ ಹೊಲಿದರೇನು ಎಂದು ಯಾರೋ ಪಿಸುಗುಟ್ಟುತ್ತಾರೆ. "ಬೇಡ, ಆಡಿಟ್‌ನಲ್ಲಿ ಸಿಕ್ಕಿಹಾಕ್ಕೊಳ್ಳೋಳು ನಾನು" ಎಂದು ಆಶಾ ಕಾರ್ಯಕರ್ತೆ ಅಲ್ಲಿಗೇ ಕಡಿಯುತ್ತಾಳೆ. ಆಚೆ ಬೀದಿಯ ದರ್ಜಿಗೆ ಕೊಡೋಣವೆಂದರೆ ಅವನು ದುಪ್ಪಟ್ಟು ಕೇಳುತ್ತಾನೆ. ಇಪ್ಪತ್ತು ನಿಮಿಷ ಇದೇ ಹಗ್ಗಜಗ್ಗಾಟ. ಮಗುವೊಂದು ಅ-ಅರಸನ ಚಾರ್ಟು ಹರಿಯುತ್ತದೆ, ಯಾರೂ ಗಮನಿಸುವುದಿಲ್ಲ.

ದಾರಿ ತೋರಿಸುವುದು ಮೂಲೆಯ ಅಜ್ಜಿ. ಬಟ್ಟೆ ಕತ್ತರಿಸುವುದು, ಅಂಚು ಮಡಚಿ ಟಾಕು ಹಾಕುವುದು ಉಳಿದವರು ಮನೆಯಲ್ಲಿ ಮಾಡಿಕೊಡಲಿ. ಮೆಷಿನ್ ಮೇಲೆ ಒಂದು ಸುತ್ತು ಓಡಿಸುವುದಷ್ಟೇ ಅವಳ ಪಾಲಿಗಿರಲಿ. ಮೆಷಿನ್ನಿನಾಕೆ ಲೆಕ್ಕ ಹಾಕುತ್ತಾಳೆ. ರಾತ್ರಿ ತರಾವೀಹ್ ನಮಾಜು ಮುಗಿದ ಮೇಲೆ ಹೇಗೂ ಸಹರಿವರೆಗೆ ಎದ್ದೇ ಇರುತ್ತಾಳಂತೆ. ದಿನಕ್ಕೆ ಹತ್ತು ಓಡಿಸಬಹುದು. ಕೂಲಿ ಎಷ್ಟೆಂಬುದಕ್ಕೆ ಚೌಕಾಸಿ ನಡೆದು, ಒಂದಕ್ಕೆ ಎಂಟು ರೂಪಾಯಿಗೆ ನಿಲ್ಲುತ್ತದೆ. ಆಕೆಗೆ ಜಿಎಸ್‌ಟಿ ಬಿಲ್ಲು ಎಲ್ಲಿಂದ? ಕೈರಸೀದಿ ನಡೆಯುತ್ತದೆ ಎಂದು ಸಿಸ್ಟರ್, ಹಾಗಾದರೆ ಠರಾವಿನಲ್ಲಿ ಅದನ್ನೂ ಬರೆಯಿರಿ ಎಂದು ಅಧ್ಯಕ್ಷೆ.

ಠರಾವು ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಸಹಿ, ಸಹಿ, ಹೆಬ್ಬೆಟ್ಟು, ಉರ್ದುವಿನಲ್ಲೊಂದು ಸಹಿ. ಬ್ಯಾಂಕಿಗೆ ಸೋಮವಾರ ಹನ್ನೊಂದಕ್ಕೆ ಅಧ್ಯಕ್ಷೆಯೂ ಆಶಾಳೂ ಹೋಗುವುದು. ಬಟ್ಟೆ ಚಿಕ್ಕಪೇಟೆಯಲ್ಲಿ ಅಗ್ಗವೋ ಮಾಮೂಲ್‌ಪೇಟೆಯಲ್ಲಿ ಅಗ್ಗವೋ ಎಂಬ ಜಗಳ ಬಾಗಿಲ ತನಕ ಬರುತ್ತದೆ. ಬಳಕೆ ಪ್ರಮಾಣಪತ್ರ ಇಪ್ಪತ್ತೈದರೊಳಗೆ ಮೇಜಿನ ಮೇಲಿರಬೇಕು ಎಂದು ಸಿಸ್ಟರ್ ಚಪ್ಪಲಿ ಹುಡುಕುತ್ತಲೇ ಕೂಗುತ್ತಾರೆ. ಅಜ್ಜಿ ಅವರನ್ನು ತಡೆದು ನಿಲ್ಲಿಸಿ, ತನ್ನ ಮನೆಯಲ್ಲಿ ಡ್ರಮ್ಮು ಎರಡಿವೆ, ಎರಡಕ್ಕೂ ಸಿಗುತ್ತದೋ ಇಲ್ಲವೋ ಈಗಲೇ ಹೇಳಿಬಿಡಿ ಎನ್ನುತ್ತಾಳೆ.

"ಮನೆಗೊಂದು ಅಂತ ಬರೆದಾಗಿದೆ ಅಜ್ಜಿ."

"ಹಂಗಾದ್ರೆ ಆ ಪುಸ್ತಕ ಇತ್ಲಾಗ್ ಕೊಡು."